ಸೈಟು ಎಲ್ಲಿ ತಗೊಳ್ಳೋದು? ಮಣ್ಣಾಳಿನಿಂದ ಮೂವತ್ತು ನಲವತ್ತರವರೆಗೆ

ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಈಚೆಗೆ ನಮ್ಮ ಹುಡುಗರು ಫೋನ್ ಮಾಡಿ ಹೆಚ್ಚಾಗಿ ಕೇಳೋದು ಒಂದೇ. "ಅಣ್ಣ, ಲೋನ್ ಆಗುತ್ತೆ ಅಂದಿದ್ದಾರೆ. ಸೈಟು ಎಲ್ಲಿ ತಗೊಳ್ಳಲಿ? ಕೊಪ್ಪದಲ್ಲೋ, ಶೃಂಗೇರಿ ಹತ್ರನೋ, ಎನ್.ಆರ್.ಪುರದಲ್ಲೋ?" ಕೇಳೋರು ಮೇಷ್ಟ್ರು ಕೆಲಸ ಸಿಕ್ಕಿದವರು, ನರ್ಸ್ ಆದವರು, ಬಸ್ ಕಂಡಕ್ಟರ್ ಆದವರು. ಅವರ ಮನೆತನದಲ್ಲಿ ದುಡ್ಡು ಕೊಟ್ಟು ಜಾಗ ಕೊಳ್ತಿರೋ ಮೊದಲ ತಲೆಮಾರು ಇವರದೇ.

ಬೇರೆಯವರಿಗೆ ಇದು ನೀರು, ರಸ್ತೆ, ಶಾಲೆ, ಬಸ್‌ಸ್ಟ್ಯಾಂಡ್ ಎಷ್ಟು ದೂರ ಅನ್ನೋ ಲೆಕ್ಕ. ನಮಗೆ ಆ ಲೆಕ್ಕದ ಜತೆ ಇನ್ನೊಂದು ಲೆಕ್ಕ ಇದೆ: ಅಕ್ಕಪಕ್ಕ ಯಾರು, ಅವರು ನಮ್ಮನ್ನ ಇರೋಕೆ ಬಿಡ್ತಾರಾ? ಈ ಎರಡನೇ ಲೆಕ್ಕ ಎಲ್ಲಿಂದ ಬಂತು ಅಂತ ತಿಳ್ಕೊಳ್ಳದೆ ಸೈಟು ನೋಡೋಕೆ ಹೋದ್ರೆ ಬ್ರೋಕರ್ ಹೇಳಿದ್ದೇ ಚರಿತ್ರೆ ಆಗಿಬಿಡುತ್ತೆ. ಅದಕ್ಕೇ ಇದನ್ನ ಬರೀತಿದ್ದೀನಿ.

ನಮ್ಮ ಸೀಮೆಯಲ್ಲಿ ಯಾರ ಮನೆ ಎಲ್ಲಿರಬೇಕು ಅನ್ನೋದನ್ನ ಲೇಔಟ್ ಮಾಡೋರು ಶುರು ಮಾಡಿದ್ದಲ್ಲ. 1346ರಲ್ಲಿ ವಿಜಯನಗರದ ಹರಿಹರ ಮತ್ತು ಅವನ ತಮ್ಮಂದಿರು ಶೃಂಗೇರಿಗೆ ಭೂಮಿ ಬಿಟ್ಟುಕೊಟ್ಟ ಶಾಸನ ಇದೆ. 1386ರಲ್ಲಿ ವಿದ್ಯಾರಣ್ಯರು ತೀರಿಕೊಂಡ ಮೇಲೆ ಎರಡನೇ ಹರಿಹರ ಅವರ ನೆನಪಿಗೆ ವಿದ್ಯಾರಣ್ಯಪುರ ಅನ್ನೋ ಅಗ್ರಹಾರ ಮಾಡಿಸಿದ. ಅಗ್ರಹಾರ ಅಂದ್ರೆ ಏನು? ಒಂದೇ ಜಾತಿಯ ಕುಟುಂಬಗಳಿಗೆ ಮನೆ ಜಾಗ, ಬದುಕೋಕೆ ವೃತ್ತಿ ಅಂತ ಭೂಮಿಯ ಪಾಲು, ಎಲ್ಲಕ್ಕೂ ರಾಜನ ಬರಹದ ಆಧಾರ. ಈಗಿನ ಮಾತಲ್ಲಿ ಹೇಳೋದಾದ್ರೆ ಖಾತೆ ಸಮೇತ ಅಪ್ರೂವ್ಡ್ ಲೇಔಟ್. ಅದೇ ಭೂಮಿ ಉತ್ತವರ ಗುಡಿಸಲಿಗೆ ಅಂಥ ಕಾಗದ ಸಿಗಲಿಲ್ಲ.

ನಮ್ಮೋರ ಬಗ್ಗೆ ನೇರವಾಗಿ ಬರೆದಿದ್ದು ಸಿಗೋದು ಬ್ರಿಟಿಷರ ಕಾಲದ ಗೆಜೆಟಿಯರ್‌ನಲ್ಲಿ. ಬಿ.ಎಲ್. ರೈಸ್ 1897ರ ಮೈಸೂರು ಗೆಜೆಟಿಯರ್‌ನಲ್ಲಿ ಮಲೆನಾಡಿನ ಹೊಲೆಯರಲ್ಲಿ ಎರಡು ಬಗೆ ಹೇಳ್ತಾರೆ. ಒಂದು ಹುಟ್ಟಾಳು, ಒಡೆಯನ ಮನೆಯಲ್ಲಿ ಹುಟ್ಟಿನಿಂದಲೇ ಆಳು. ಇನ್ನೊಂದು ಮಣ್ಣಾಳು, ಜಮೀನಿನ ಜತೆ ಸೇರಿದ ಆಳು. ಜಮೀನು ಕೈ ಬದಲಾದ್ರೆ ಅವನೂ ಅದರ ಜತೆ ಮಾರಾಟ. ತೋಟ ಮಾರುವಾಗ ಪತ್ರದಲ್ಲಿ ಬಾವಿ, ಮರ, ಕೊಟ್ಟಿಗೆ ಸೇರಿಸ್ತಾರಲ್ಲ, ಹಾಗೆ. ಗೆಳೆಯರೇ, ಮಣ್ಣಿನ ಜತೆ ಮಾರಾಟವಾಗ್ತಿದ್ದವರ ಮೊಮ್ಮಕ್ಕಳು ಇವತ್ತು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಮಣ್ಣು ಕೊಳ್ಳೋಕೆ ಹೆಬ್ಬೆಟ್ಟು ಸ್ಕ್ಯಾನ್ ಮಾಡಿಸ್ತಿದ್ದಾರೆ. ಈ ಸೈಟಿನ ತೂಕ ಏನು ಅಂತ ಇದರಲ್ಲೇ ಗೊತ್ತಾಗುತ್ತೆ.

ಮಲೆನಾಡಿನ ಕೇರಿ ಬಯಲುಸೀಮೆ ಕೇರಿ ತರ ಅಲ್ಲ. ಅಲ್ಲಿ ಊರು ಒಂದು ಕಡೆ, ಕೇರಿ ಒಂದು ಕಡೆ, ಕೇರಿಯಲ್ಲಿ ಐವತ್ತು ನೂರು ಮನೆ. ನಮ್ಮಲ್ಲಿ ಒಂದೊಂದು ದೊಡ್ಡ ಮನೆಯೇ ಒಂದು ಊರು. ಆ ಮನೆಗೆ ಸೇರಿದ ನಾಲ್ಕೈದು ಗುಡಿಸಲು ಗದ್ದೆಕೋಗಿನ ಆಚೆ, ಹಾಡ್ಯದ ಅಂಚಿನಲ್ಲಿ. ಒಂದು ಕೇರಿಯಿಂದ ಇನ್ನೊಂದು ಕೇರಿಗೆ ಎರಡು ಮೂರು ಮೈಲಿ ಕಾಡುದಾರಿ. ಹಾಗಾಗಿ ನಾವು ಒಟ್ಟಾಗಿ ಸೇರೋದೇ ಕಷ್ಟ ಆಯ್ತು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಇದನ್ನ ತೋರಿಸ್ತಾರೆ. ಒಬ್ಬ ಒಡೆಯನ ಕೇರಿಯ ಗುತ್ತಿ, ಇನ್ನೊಬ್ಬ ಒಡೆಯನ ಕೇರಿಯ ತಿಮ್ಮಿಯನ್ನ ಹಾರಿಸ್ಕೊಂಡು ಹೋಗಬೇಕಾಗುತ್ತೆ. ಹೆಣ್ಣು ಕೇರಿ ಬದಲಾಯಿಸಿದ್ರೆ ಒಬ್ಬ ಒಡೆಯನಿಗೆ ಆಳು ಕಮ್ಮಿ ಆಗುತ್ತಲ್ಲ! ಎಲ್ಲಿ ವಾಸ ಮಾಡಬೇಕು ಅನ್ನೋದು ನಮ್ಮ ಕೈಯಲ್ಲಿ ಇರಲೇ ಇಲ್ಲ.

ಆಮೇಲೆ ಕಾಫಿ ತೋಟದ ಲೈನ್ ಮನೆ. 1951ರ ತೋಟ ಕಾರ್ಮಿಕರ ಕಾಯ್ದೆ ಮಾಲೀಕರು ಕಾರ್ಮಿಕರಿಗೆ ಮನೆ ಕೊಡಬೇಕು ಅಂತು. ಒಳ್ಳೇದೇ. ಆದ್ರೆ ಕೆಲಸ ಬಿಟ್ಟ ದಿನ ಮನೇನೂ ಬಿಡಬೇಕು. ಇಪ್ಪತ್ತು ಮೂವತ್ತು ವರ್ಷ ದುಡಿದು, ಕೈಲಾಗದೆ ಆದಾಗ, ರೈಟರ್ ಬಂದು "ಮನೆ ಖಾಲಿ ಮಾಡಿ" ಅಂದ್ರೆ ಟ್ರಂಕು ಪಾತ್ರೆ ಹೊತ್ಕೊಂಡು ಹೊರಡಬೇಕು. ಇದನ್ನ ಕಣ್ಣಾರೆ ಕಂಡವರು ಈ ಪೋಸ್ಟ್ ಓದೋರಲ್ಲೂ ಇದ್ದೀರಿ.

1974ರ ಮಾರ್ಚ್ 1ರಿಂದ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿ ಮಾಡ್ತಿದ್ದವರು ಒಡೆಯರಾದ್ರು. ಅದು ದೊಡ್ಡ ಕೆಲಸ, ಇಲ್ಲ ಅನ್ನಲ್ಲ. ಆದ್ರೆ ನಮ್ಮಲ್ಲಿ ಹೆಚ್ಚಿನವರು ಗೇಣಿದಾರರಲ್ಲ, ಜೀತದಾಳು, ಕೂಲಿಯಾಳು. ಗೇಣಿ ಚೀಟಿ ಇಲ್ಲದವನು ಡಿಕ್ಲರೇಷನ್ ಏನಂತ ಕೊಡ್ತಾನೆ? ನಮಗೆ ಇದ್ದಿದ್ದು ಅದೇ ಕಾಯ್ದೆಯ 38ನೇ ಕಲಂ: ಬೇರೆಯವರ ಜಮೀನಿನಲ್ಲಿ ವಾಸವಿರೋ ಕೃಷಿ ಕಾರ್ಮಿಕನಿಗೆ ಆ ಗುಡಿಸಲಿನ ಜಾಗದ ಹಕ್ಕು. ಅರ್ಜಿ ಹಾಕೋಕೆ ಧಣಿಯ ಎದುರು ನಿಲ್ಲಬೇಕು, ಮಾರನೇ ದಿನ ಕೂಲಿಗೆ ಅವನ ಗದ್ದೆಗೇ ಹೋಗಬೇಕು. ಎಷ್ಟು ಜನಕ್ಕೆ ಆ ಧೈರ್ಯ ಇತ್ತು? ಇನ್ನೊಂದು ಕಡೆ ನೋಡಿ, ಅಡಿಕೆ ತೋಟ ಇದ್ದವರಿಗೆ ಸೊಪ್ಪು ತರೋಕೆ ಅಂತ ಸರ್ಕಾರಿ ಬೆಟ್ಟದ ಮೇಲೆ ಸವಲತ್ತು, ಸೊಪ್ಪಿನಬೆಟ್ಟ. ಅಡಿಕೆ ಮರದ ಬುಡಕ್ಕೆ ಹಾಕೋ ಸೊಪ್ಪಿಗೆ ಜಾಗ ಇತ್ತು, ಆ ಸೊಪ್ಪು ಹೊತ್ತವಳಿಗೆ ಗುಡಿಸಲು ಹಾಕೋಕೆ ಇರಲಿಲ್ಲ.

ಅದೇ ಕಾಲದಲ್ಲಿ ಜನತಾ ಮನೆಗಳು ಬಂದ್ವು, ಕಾಲೋನಿಗಳು ಆದ್ವು. ಭದ್ರಾವತಿಯಲ್ಲಿ ಬಿ. ಕೃಷ್ಣಪ್ಪನವರು, ಅವರ ಜತೆಗಾರರು ಕಟ್ಟಿದ ದಲಿತ ಸಂಘರ್ಷ ಸಮಿತಿ ಹಳ್ಳಿಹಳ್ಳಿಗೆ ಬಂದು ಭೂಮಿ ಕೇಳೋದು ಕಲಿಸ್ತು. ನಮ್ಮಪ್ಪನ ತಲೆಮಾರಿಗೆ ಮೊದಲ ಸಲ ಸ್ವಂತ ಹೆಸರಿನ ಹಕ್ಕುಪತ್ರ ಸಿಕ್ಕಿದ್ದು ಕಾಲೋನಿಯಲ್ಲೇ. ಆದ್ರೆ ಮೂರು ತಾಲ್ಲೂಕು ಒಂದು ಸುತ್ತು ಹಾಕಿ ಬನ್ನಿ. ಎಷ್ಟು ಕಾಲೋನಿ ಮುಖ್ಯರಸ್ತೆಯಲ್ಲಿವೆ, ಎಷ್ಟು ಗುಡ್ಡದ ಇಳಿಜಾರಿನಲ್ಲಿ, ಹಳ್ಳದ ಬದಿಯಲ್ಲಿ, ಸ್ಮಶಾನದ ಪಕ್ಕ ಇವೆ, ನೀವೇ ಎಣಿಸಿ. ಹೆಸರು ಕೇರಿಯಿಂದ ಕಾಲೋನಿ ಆಯ್ತು, ಜಾಗದ ದಿಕ್ಕು ಬದಲಾಗಲಿಲ್ಲ.

ಈಗ ನಮ್ಮ ಕಾಲಕ್ಕೆ ಬರೋಣ. ಇಲ್ಲಿ ಸೈಟಿಗೆ ಸಿಗೋ ಜಾಗವೇ ಕಮ್ಮಿ. ಎನ್.ಆರ್.ಪುರದ ಕಡೆ ಭದ್ರಾ ಹಿನ್ನೀರು ಮತ್ತು ಕಾಡು, ಶೃಂಗೇರಿಯಲ್ಲಿ ತುಂಗೆ ಮತ್ತು ಗುಡ್ಡದ ನಡುವೆ ಉಳಿದಿದ್ದಕ್ಕೆ ಲಾಡ್ಜ್ ಕಟ್ಟೋರ ಪೈಪೋಟಿ. ಹಾಗಾಗಿ ಪಟ್ಟಣದ ಹೊರಗೆ ಒಂದೆರಡು ಕಿಲೋಮೀಟರಿನಲ್ಲಿ ಗದ್ದೆ, ತೋಟ ಒಡೆದು ಲೇಔಟ್ ಮಾಡ್ತಾರೆ. ಅಂಥ ಒಂದು ಕಡೆ ನಾನೂ ಸೈಟು ನೋಡಿದೆ. ರೇಟು ಕುದುರಿತು, ಸೋಮವಾರ ಅಡ್ವಾನ್ಸ್ ಅಂತ ಆಯ್ತು. ಹೊರಡುವಾಗ ಬ್ರೋಕರ್ ಕೇಳಿದ, "ನೀವು ಯಾವ ಪೈಕಿ ಸಾರ್?" ಹೇಳಿದೆ. ಭಾನುವಾರ ರಾತ್ರಿ ಫೋನ್: "ಓನರ್ ತಮ್ಮ ಒಪ್ತಿಲ್ಲ ಸಾರ್." ಆಮೇಲೆ ಅದೇ ಸೈಟು ನನಗೆ ಹೇಳಿದ್ದಕ್ಕಿಂತ ಕಮ್ಮಿಗೆ ಬೇರೆಯವರಿಗೆ ಹೋಯ್ತು. ಜಾತಿಗೆ ಲಾಭಕ್ಕಿಂತ ಹೆಚ್ಚು ಬೆಲೆ ಕೊಡೋರು ನಮ್ಮಲ್ಲಿದ್ದಾರೆ.

ಮನೆಯಲ್ಲಿ ಹೇಳಿದ್ರೆ ನಮ್ಮವ್ವನದು ಬೇರೆ ವಾದ. "ಅಲ್ ಹೋಗಿ ಮನೆ ಕಟ್ತೀಯ ಮಾರಾಯ, ನಾನ್ ಸತ್ರೆ ಎತ್ತಕ್ಕೆ ಯಾರ್ ಬರ್ತಾರೆ?" ಈ ಪ್ರಶ್ನೆಗೆ ಯಾವ ಬ್ಯಾಂಕ್ ಮ್ಯಾನೇಜರ್ ಹತ್ರನೂ ಉತ್ತರ ಇಲ್ಲ. ಕಾಲೋನಿಯಲ್ಲಿ ರಾತ್ರಿ ಎರಡು ಗಂಟೆಗೆ ಕೂಗಿದ್ರೆ ಹತ್ತು ಜನ ಬರ್ತಾರೆ.

ಇದೇ ಇಕ್ಕಟ್ಟು ಬಾಬಾಸಾಹೇಬರಿಗೂ ಇತ್ತು. 1917ರಲ್ಲಿ ಬರೋಡಾದಲ್ಲಿ ಅಷ್ಟು ಓದಿ ಬಂದವರಿಗೆ ಬಾಡಿಗೆ ರೂಮು ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದವರು ಹೊರಗೆ ಹಾಕಿದ್ರು. ಮುಂಬೈ ಪರೇಲಿನ ಚಾಳ್‌ನಲ್ಲಿ, ಕೂಲಿಕಾರರ ನಡುವೆ, ವರ್ಷಗಟ್ಟಲೆ ಇದ್ರು. 1930ರ ದಶಕದ ಆರಂಭದಲ್ಲಿ ಸ್ವಂತ ಮನೆ ಕಟ್ಟೋಕೆ ಆರಿಸಿಕೊಂಡಿದ್ದು ಎಲ್ಲಿ? ದಾದರಿನ ಹಿಂದೂ ಕಾಲೋನಿಯಲ್ಲಿ! ಮನೆಗೆ ಬೌದ್ಧ ಇತಿಹಾಸದ ಹೆಸರಿಟ್ರು, ರಾಜಗೃಹ. ಪುಸ್ತಕಗಳಿಗೆ ಜಾಗ ಬೇಕು ಅಂತಲೇ ಆ ಮನೆ ಕಟ್ಟಿಸಿದ್ರು. ಅದೇ ಬಾಬಾಸಾಹೇಬರ ನೇತೃತ್ವದಲ್ಲಿ 1942ರ ಜುಲೈನಲ್ಲಿ ನಾಗಪುರದ ಸಮ್ಮೇಳನ ದಲಿತರಿಗೆ ಪ್ರತ್ಯೇಕ ಹಳ್ಳಿಗಳು ಬೇಕು ಅಂತ ನಿರ್ಣಯ ಮಾಡ್ತು. 1947ರ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'ನಲ್ಲೂ ಆ ಬೇಡಿಕೆ ಇದೆ.

ಇದು ವಿರೋಧಾಭಾಸ ಅಂತ ಕೆಲವರು ಹೇಳ್ತಾರೆ. ನನಗೆ ಹಾಗನ್ನಿಸಲ್ಲ. ಹಳ್ಳಿಯ ದಲಿತನ ಅನ್ನ, ನೀರು, ದಾರಿ ಎಲ್ಲ ಸವರ್ಣೀಯರ ಕೈಯಲ್ಲಿತ್ತು, ಅವನು ಬಿಡುಗಡೆ ಆಗಬೇಕಾದ್ರೆ ಅವರಿಂದ ದೂರ, ಸ್ವಂತ ಭೂಮಿ ಸಮೇತ ನೆಲೆ ಬೇಕಿತ್ತು. ಪಟ್ಟಣದಲ್ಲಿ ಸಂಬಳ ಇರೋನಿಗೆ ಪಕ್ಕದ ಮನೆಯವನ ಹಂಗಿಲ್ಲ, ಅವನು ಎಲ್ಲಿ ಬೇಕಾದ್ರೂ ಇರಬಲ್ಲ. ಅನ್ನ ಯಾರ ಕೈಯಲ್ಲಿದೆ ಅನ್ನೋದನ್ನ ನೋಡಿ ಜಾಗ ತೀರ್ಮಾನ ಮಾಡಬೇಕು. ನನ್ನ ಲೆಕ್ಕ ಇಷ್ಟೇ.

ಕಾನೂನೂ ಗೊತ್ತಿರಲಿ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಗೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರಾಯ್ತು. ಅದರ 4ನೇ ಕಲಂ ಪ್ರಕಾರ ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಕಟ್ಟೋಕೆ, ಕೊಳ್ಳೋಕೆ, ವಾಸ ಮಾಡೋಕೆ ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡಿದ್ರೆ ಅಪರಾಧ. ಆದ್ರೆ "ತಮ್ಮ ಒಪ್ತಿಲ್ಲ" ಅನ್ನೋದರಲ್ಲಿ ಜಾತಿ ಅನ್ನೋ ಪದ ಎಲ್ಲೂ ಇಲ್ಲ, ಸಾಬೀತು ಮಾಡೋದು ಹೇಗೆ? ಇನ್ನೊಂದು ಕಡೆ 2005ರಲ್ಲಿ ಅಹಮದಾಬಾದಿನ ಪಾರ್ಸಿ ಹೌಸಿಂಗ್ ಸೊಸೈಟಿ ಕೇಸಿನಲ್ಲಿ, ಸದಸ್ಯತ್ವ ತಮ್ಮ ಸಮುದಾಯಕ್ಕೆ ಮಾತ್ರ ಅನ್ನೋ ಬೈಲಾವನ್ನ ಸುಪ್ರೀಂ ಕೋರ್ಟ್ ಎತ್ತಿಹಿಡೀತು. ಇಂಥ ತೀರ್ಪು ಹೊಸ ಅಗ್ರಹಾರಗಳಿಗೆ ದಾರಿ ಅಂತ ನನ್ನ ಅಭಿಪ್ರಾಯ.

ಇನ್ನು ಗುಮಾಸ್ತನಾಗಿ ನಾಲ್ಕು ಮಾತು. ಸೈಟು ನೋಡುವಾಗ ಮೊದಲು ಮೂಲ ಸರ್ವೆ ನಂಬರಿನ ಹಳೇ ಕೈಬರಹದ ಪಹಣಿ, ಮ್ಯುಟೇಷನ್ ತೆಗೆಸಿ. ಆ ಜಮೀನು ಯಾವತ್ತಾದ್ರೂ ಪರಿಶಿಷ್ಟರಿಗೆ ಮಂಜೂರಾಗಿತ್ತಾ ನೋಡಿ. ಆಗಿದ್ರೆ 1979ರ ಜನವರಿ 1ರಿಂದ ಜಾರಿಯಲ್ಲಿರೋ ಪಿಟಿಸಿಎಲ್ ಕಾಯ್ದೆ ಬರುತ್ತೆ. ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಆಗಿದ್ರೆ ಆ ಕ್ರಯ ಅನೂರ್ಜಿತ. ತಡವಾಗಿ ಬಂದ್ರಿ ಅಂತ 2017ರ ನಂತರ ನಮ್ಮವರ ಎಷ್ಟೋ ಅರ್ಜಿಗಳು ಬಿದ್ದುಹೋದ್ವು. ಹೋರಾಟ ಆಗಿ, 2023ರ ತಿದ್ದುಪಡಿಯಲ್ಲಿ ಕಾಲಮಿತಿ ಇಲ್ಲ ಅಂತ ಸೇರಿಸಿದ್ರು. ಇದು ಬರೀ ಕಾಗದದ ರಿಸ್ಕ್ ಅಲ್ಲ. ಯಾರೋ ನಮ್ಮಂಥ ಅಜ್ಜಿಯ ಎರಡು ಎಕರೆ ನುಂಗಿ ಮಾಡಿದ ಲೇಔಟಿನಲ್ಲಿ ನಾವೇ ಗೃಹಪ್ರವೇಶ ಮಾಡೋದು ಬೇಡ.

ಆಮೇಲೆ ಭೂಪರಿವರ್ತನೆ ಆದೇಶ, ಇ-ಖಾತೆ, ಇಸಿ ನೋಡಿ. ಜಾಗ ಅರಣ್ಯದ ನೋಟಿಫಿಕೇಷನ್‌ನಲ್ಲಿ ಇದೆಯಾ ಅಂತ ವಿಚಾರಿಸಿ, ಮಲೆನಾಡಲ್ಲಿ ಇದು ಬಹಳ ಮುಖ್ಯ. ಮಳೆಗಾಲದಲ್ಲಿ, ಜುಲೈನಲ್ಲಿ ಒಂದು ಸಲ ಹೋಗಿ ನೀರು ಎಲ್ಲಿ ಹರಿಯುತ್ತೆ, ಧರೆ ಎಲ್ಲಿ ಜರಿಯುತ್ತೆ ನೋಡಿ. ನಮ್ಮ ಹಿರಿಯರಿಗೆ ಇಳಿಜಾರು ಸಿಕ್ಕಿದ್ದು ಅವರ ಆಯ್ಕೆ ಆಗಿರಲಿಲ್ಲ. ನೀವು ಸಾಲ ಮಾಡಿ ಅದನ್ನೇ ಕೊಳ್ಳಬೇಡಿ.

ಸಾಧ್ಯ ಆದ್ರೆ ಇಬ್ಬರು ಮೂವರು ಸೇರಿ ಒಂದೇ ಲೇಔಟಿನಲ್ಲಿ ತಗೊಳ್ಳಿ. ನಾನು ಕೊನೆಗೆ ಮಾಡಿದ್ದು ಅದೇ: ಪಟ್ಟಣದ ಅಂಚಿನಲ್ಲಿ, ಎಲ್ಲ ಜಾತಿಯೋರು ಇರೋ ಕಡೆ, ಇನ್ನಿಬ್ಬರು ಗೆಳೆಯರ ಜತೆ, ಕಾಲೋನಿಗೆ ನಡೆದು ಹೋಗೋಷ್ಟು ದೂರದಲ್ಲಿ. ಅವ್ವ ಅರ್ಧ ದಿನ ಇಲ್ಲಿ, ಅರ್ಧ ದಿನ ಅಲ್ಲಿ. ಲೇಔಟಿಗೆ ಹೋದವರು ಕಾಲೋನಿಯ ಗ್ರಾಮಸಭೆ, ಸ್ಮಶಾನದ ಜಾಗ, ಹಕ್ಕುಪತ್ರದ ಅರ್ಜಿ ಇವನ್ನ ಬಿಡಬಾರದು, ಅಲ್ಲಿ ಇನ್ನೂ ಕಾಗದ ಇಲ್ಲದ ಮನೆಗಳಿವೆ. ಪಹಣಿ ಓದೋಕೆ ಬರದಿದ್ರೆ ಇನ್‌ಬಾಕ್ಸಿಗೆ ಕಳಿಸಿ, ಕೂತು ನೋಡೋಣ. ಬೇರೆ ತಾಲ್ಲೂಕಿನವರು ನಿಮ್ಮ ಕಡೆ ಹೇಗಿದೆ ಅಂತ ಕಾಮೆಂಟಿನಲ್ಲಿ ಬರೀರಿ.

ಜೈಭೀಮ್.