ಲಾವಣಿ ರೊಕ್ಕ

“ಬಾಡಗಿ ಬರತೈತಿ ಅಂತೀ. ಖರೆ, ಮನಿ ಯಾರದು?”

2019ರ ಮಾರ್ಚ್‌ನಲ್ಲಿ ಮನಗೂಳಿಯ ನಮ್ಮ ಮನೆಯ ಕಟ್ಟೆ ಮೇಲೆ ಕೂತು ಅಪ್ಪ ಕೇಳಿದ ಪ್ರಶ್ನೆ ಇದು. ವಿಜಯಪುರ–ಹೊಸಪೇಟೆ ಹೆದ್ದಾರಿ ಅಗಲ ಮಾಡುವಾಗ ನಮ್ಮ ಹೊಲದ ಒಂದು ತುಂಡು ಹೋಗಿತ್ತು. ಪರಿಹಾರದ ರೊಕ್ಕ ಬ್ಯಾಂಕಿನಲ್ಲಿ ಸುಮ್ಮನೆ ಬಿದ್ದಿತ್ತು. ಅಪ್ಪನಿಗೆ ವಿಜಯಪುರದಲ್ಲೊಂದು ಪ್ಲಾಟ್ ಹಿಡಿಯುವ ಆಸೆ. ನನಗೆ ಬೆಂಗಳೂರಿನಲ್ಲಿ ಆಗಷ್ಟೇ ಸುದ್ದಿಯಾಗಿದ್ದ ರೀಟ್ ಮೇಲೆ ಕಣ್ಣು. ರೀಟ್ ಅಂದ್ರೆ ರಿಯಲ್ ಎಸ್ಟೇಟ್ ಇನ್ವೆಸ್ಟ್‌ಮೆಂಟ್ ಟ್ರಸ್ಟ್: ಸಾವಿರಾರು ಜನರ ದುಡ್ಡು ಕೂಡಿಸಿ ದೊಡ್ಡ ಆಫೀಸು ಕಟ್ಟಡಗಳನ್ನು ಹಿಡಿದು, ಬಂದ ಬಾಡಿಗೆಯನ್ನು ಹಂಚುವ ಟ್ರಸ್ಟು.

ಅಪ್ಪನಿಗೆ ತಿಳಿಸಿ ಹೇಳಲು ಲಾವಣಿಯ ಮಾತು ತೆಗೆದೆ. ಹಾಡುವ ಲಾವಣಿ ಅಲ್ಲ. ಹೊಲದ ಒಡೆಯನಿಗೆ ವರ್ಷಕ್ಕಿಷ್ಟು ಅಂತ ಕೊಟ್ಟು ಇನ್ನೊಬ್ಬರು ಉಳುವುದಕ್ಕೆ ನಮ್ಮ ಕಡೆ ಹಾಗನ್ನುತ್ತಾರೆ. ಮುತ್ಯಾ ಅರ್ಧ ಆಯುಷ್ಯ ಲಾವಣಿ ಹೊಲದಲ್ಲೇ ದುಡಿದವನು. ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಪದ್ಧತಿಯೇ ರದ್ದಾಯಿತು. ಫಾರ್ಮ್ ನಂಬರ್ 7 ತುಂಬಿ, ಭೂ ನ್ಯಾಯಮಂಡಳಿಗೆ ಅಲೆದಾಡಿ ಮುತ್ಯಾ ಆ ಹೊಲ ತನ್ನದು ಮಾಡಿಕೊಂಡ. ಹೆದ್ದಾರಿಗೆ ಹೋದದ್ದು ಅದೇ ಹೊಲದ ತುಂಡು. ಲಾವಣಿ ಕೊಟ್ಟವನ ಮೊಮ್ಮಗ ಈಗ ಲಾವಣಿ ಎಣಿಸಿಕೊಳ್ಳಲು ಹೊರಟಿದ್ದ. ಅಪ್ಪನ ಮುಖ ಸಣ್ಣಗಾದದ್ದು ಯಾಕೆ ಅಂತ ನನಗೆ ಆಗ ಹೊಳೆಯಲಿಲ್ಲ.

ರೀಟ್ ನಮ್ಮ ದೇಶದ ಕಲ್ಪನೆಯಲ್ಲ. 1960ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಕಾನೂನಿನಿಂದ ಹುಟ್ಟಿದ್ದು. ಬಾಡಿಗೆಯ ಆದಾಯವನ್ನು ಬಹುಪಾಲು ಹಂಚಿಬಿಟ್ಟರೆ ಟ್ರಸ್ಟಿಗೆ ಬೇರೆ ತೆರಿಗೆ ಇಲ್ಲ ಅನ್ನುವುದು ಅದರ ಹೂರಣ. ನಮ್ಮಲ್ಲಿ ಸೆಬಿ 2014ರಲ್ಲಿ ನಿಯಮ ತಂದಿತು. ಹಂಚಬಹುದಾದ ನಗದಿನಲ್ಲಿ ಕನಿಷ್ಠ 90% ಹಂಚಲೇಬೇಕು, ಆಸ್ತಿಯಲ್ಲಿ 80% ಬಾಡಿಗೆ ತರುವ ಸಿದ್ಧ ಕಟ್ಟಡವೇ ಇರಬೇಕು, ಸಾಲ ಆಸ್ತಿಯ ಮೌಲ್ಯದ 49% ದಾಟುವಂತಿಲ್ಲ. ನಿಯಮ ಬಂದು ನಾಲ್ಕೂವರೆ ವರ್ಷ ಒಂದೂ ಮಾರುಕಟ್ಟೆಗೆ ಬರಲಿಲ್ಲ. ಕೊನೆಗೆ 2019ರ ಏಪ್ರಿಲ್ 1ರಂದು ಷೇರುಪೇಟೆಗೆ ಬಂದ ದೇಶದ ಮೊದಲ ರೀಟ್ ನಮ್ಮ ಬೆಂಗಳೂರಿನದು: ಎಂಬಸಿ ಆಫೀಸ್ ಪಾರ್ಕ್ಸ್. ಬೆನ್ನಿಗೆ ಎಂಬಸಿ ಗುಂಪು ಮತ್ತು ಅಮೆರಿಕದ ಬ್ಲ್ಯಾಕ್‌ಸ್ಟೋನ್. ಸಂಗ್ರಹಿಸಿದ್ದು ಸುಮಾರು 4,750 ಕೋಟಿ. ನಾಗವಾರದ ಮಾನ್ಯತಾ ಟೆಕ್ ಪಾರ್ಕ್ ಅದರ ದೊಡ್ಡ ಆಸ್ತಿ. ಬಡವರ ಕೈಗೆಟಕುವ ಹೂಡಿಕೆ ಅಂತೇನೂ ಆಗ ಇರಲಿಲ್ಲ. ಯೂನಿಟ್ಟಿಗೆ 300 ರೂಪಾಯಿ, ಕನಿಷ್ಠ 800 ಯೂನಿಟ್, ಅಂದರೆ 2,40,000. ಒಂದೊಂದೇ ಯೂನಿಟ್ ಕೊಳ್ಳುವ ಅವಕಾಶ ಬಂದದ್ದು 2021ರಲ್ಲಿ.

ಪರಿಹಾರದ ರೊಕ್ಕದಲ್ಲಿ ಅಷ್ಟು ತೆಗೆದು ಹಾಕಿದೆವು. ಉಳಿದದ್ದು ಪ್ಲಾಟಿಗೆ ಸಾಲಲಿಲ್ಲ.

ಮೊದಲ ವರ್ಷ ಯೂನಿಟ್ಟಿಗೆ 24.39 ರೂಪಾಯಿ ಬಂತು. 800ಕ್ಕೆ 19,512. ನೂರಕ್ಕೆ ಎಂಟರ ಮೇಲೆ. ಆಗ ಬೆಂಗಳೂರಲ್ಲಿ ಫ್ಲ್ಯಾಟ್ ಕೊಂಡು ಬಾಡಿಗೆಗೆ ಬಿಟ್ಟರೆ ಅಷ್ಟು ಹುಟ್ಟುತ್ತಿರಲಿಲ್ಲ. ನಾನು ಊರಿಗೆ ಫೋನ್ ಹಚ್ಚಿ ಜಂಬ ಕೊಚ್ಚಿದೆ.

ಆದರೆ ಆ ಎಂಟು ಪೂರ್ತಿ ಲಾಭ ಅಲ್ಲ ಅಂತ ನನಗೆ ಗೊತ್ತಾಗಿದ್ದು ತಡವಾಗಿ. ಬ್ಯಾಂಕಿಗೆ ಬಂದ ಹಣದ ಜತೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಬಡ್ಡಿ ಇಷ್ಟು, ಡಿವಿಡೆಂಡ್ ಇಷ್ಟು, ‘ಸಾಲ ಮರುಪಾವತಿ’ ಇಷ್ಟು ಅಂತ ಇರುತ್ತದೆ. ಕಟ್ಟಡಗಳು ಇರುವುದು ಟ್ರಸ್ಟಿನ ಕೆಳಗಿನ ಕಂಪನಿಗಳ ಹೆಸರಲ್ಲಿ. ಟ್ರಸ್ಟು ನಮ್ಮ ದುಡ್ಡನ್ನೇ ಆ ಕಂಪನಿಗಳಿಗೆ ಸಾಲ ಕೊಡುತ್ತದೆ. ಅವು ಬಾಡಿಗೆ ಹಣದಿಂದ ಬಡ್ಡಿ ಕಟ್ಟುತ್ತವೆ, ಅಸಲನ್ನೂ ತೀರಿಸುತ್ತವೆ. ಆ ಅಸಲು ನಮ್ಮ ಖಾತೆಗೆ ಬಂದಾಗ ಅದು ಲಾಭವೋ, ನಾವೇ ಹಾಕಿದ್ದು ವಾಪಸ್ ಬಂದದ್ದೋ? ಮೊದಲ ವರ್ಷಗಳಲ್ಲಿ ಈ ಭಾಗ ಸಣ್ಣದೇನೂ ಇರಲಿಲ್ಲ. ಅದಕ್ಕೆ ತೆರಿಗೆಯೂ ಇರಲಿಲ್ಲ, ಹಾಗಾಗಿ ಯಾರಿಗೂ ಚುಚ್ಚಲಿಲ್ಲ. 2023ರ ಬಜೆಟ್ ಬಂದ ಮೇಲೆ ಲೆಕ್ಕ ಬದಲಾಯಿತು. ಹಾಗೆ ಬಂದ ಹಣವನ್ನು ಯೂನಿಟ್ ಕೊಂಡ ಬೆಲೆಯಿಂದ ಕಳೆಯಬೇಕು. ಸರಕಾರವೇ ಅದನ್ನು ಅಸಲು ಅಂತ ಒಪ್ಪಿದ ಹಾಗಾಯಿತು.

ಇನ್ನು ಲಾಭ-ನಷ್ಟದ ತಖ್ತೆ ನೋಡಿದರೆ ಬೇರೆ ಗೋಜಲು. ಅಲ್ಲಿ ಕಟ್ಟಡದ ಸವಕಳಿ ಕಳೆದು ನಿವ್ವಳ ಲಾಭ ಚಿಕ್ಕದಾಗಿ ಕಾಣುತ್ತದೆ. ಆ ಸವಕಳಿಯನ್ನು ಮತ್ತೆ ಕೂಡಿಸಿ ನೋಡುವ ಎಫ್‌ಎಫ್‌ಓ ಅನ್ನುವ ಅಳತೆಯನ್ನು ಅಮೆರಿಕದ ರೀಟ್ ಸಂಘ 1991ರಲ್ಲಿ ರೂಢಿಗೆ ತಂದಿತು. ಉಪಯೋಗದ ಅಳತೆ, ಸುಳ್ಳಲ್ಲ. ಆದರೆ ಸವಕಳಿ ಕಾಗದದ್ದಾದರೂ ಲಿಫ್ಟು ನಿಜವಾಗಿಯೂ ಸವೆಯುತ್ತದೆ, ಗಾಜು ನಿಜವಾಗಿಯೂ ಒಡೆಯುತ್ತದೆ.

ಈ ವಿಷಯದಲ್ಲಿ ನಮ್ಮ ಹಳಬರು ನನಗಿಂತ ಜಾಣರು. ಮನಗೂಳಿಯ ಶಾಸನಗಳನ್ನು ಜೆ.ಎಫ್. ಫ್ಲೀಟ್ ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದ್ದಾನೆ. ಕಲಚುರಿ ಬಿಜ್ಜಳನ ಕಾಲದ್ದೂ ಅದರಲ್ಲಿದೆ. ಆ ಕಾಲದ ದತ್ತಿ ಅಂದರೆ ಒಂಥರಾ ಟ್ರಸ್ಟೇ. ಭೂಮಿ ಗುಡಿಯದು, ಉಳುವವರು ಬೇರೆ, ಹುಟ್ಟುವಳಿ ದೀಪಕ್ಕೆ, ನೈವೇದ್ಯಕ್ಕೆ. ನಾಡಿನ ದತ್ತಿ ಶಾಸನಗಳಲ್ಲಿ ಮತ್ತೆ ಮತ್ತೆ ಸಿಗುವ ಇನ್ನೊಂದು ಬಾಬ್ತು ಖಂಡಸ್ಫುಟಿತ ಜೀರ್ಣೋದ್ಧಾರ: ಒಡೆದದ್ದು, ಬಿರುಕು ಬಿಟ್ಟದ್ದು ದುರಸ್ತಿ ಮಾಡಲು. ದುರಸ್ತಿಯ ಪಾಲನ್ನು ಕಲ್ಲಿನಲ್ಲೇ ಕೊರೆದಿಟ್ಟರು. ರೀಟಿನಲ್ಲಿ 90% ಹಂಚಿದ ಮೇಲೆ ಕೈಯಲ್ಲಿ ಉಳಿಯುವುದು ಕಡಿಮೆ. ದೊಡ್ಡ ಕೆಲಸ, ಹೊಸ ಕಟ್ಟಡ ಅಂದರೆ ಸಾಲ ಎತ್ತಬೇಕು, ಇಲ್ಲವೇ ಹೊಸ ಯೂನಿಟ್ ಮಾರಬೇಕು. 2020ರ ಡಿಸೆಂಬರ್‌ನಲ್ಲಿ ಸುಮಾರು 9,782 ಕೋಟಿಗೆ ಹೊರವರ್ತುಲ ರಸ್ತೆಯ ಎಂಬಸಿ ಟೆಕ್‌ವಿಲೇಜ್ ಕೊಂಡಾಗ ಎರಡೂ ಆಯಿತು. ಒಟ್ಟು ಯೂನಿಟ್ 77 ಕೋಟಿಯಿಂದ 94 ಕೋಟಿ ದಾಟಿತು. ಬಾಡಿಗೆಯ ರಾಶಿ ದೊಡ್ಡದಾಯಿತು, ಪಾಲುದಾರರೂ ಹೆಚ್ಚಾದರು.

ಅದೇ ವರ್ಷ ಕೊರೊನಾ. ನಾನು ಮನಗೂಳಿಗೆ ಬಂದು ಅಟ್ಟದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುತ್ತಿದ್ದೆ. ಬೆಂಗಳೂರಲ್ಲಿ ನನ್ನಂಥವರ ಕುರ್ಚಿಗಳು ಖಾಲಿ. ಬಾಡಿಗೆಯೇನೂ ಒಮ್ಮೆಲೇ ನಿಲ್ಲಲಿಲ್ಲ, ದೊಡ್ಡ ಕಂಪನಿಗಳು ಕರಾರಿನಂತೆ ಕಟ್ಟುತ್ತಲೇ ಹೋದವು. ಕರಾರು ಮುಗಿದಾಗ ಕೆಲವರು ಜಾಗ ಬಿಟ್ಟರು. ಅಟ್ಟದ ಮೇಲೆ ಕೂತು ನನ್ನ ಲಾವಣಿಗೆ ನಾನೇ ಕಲ್ಲು ಹಾಕುತ್ತಿದ್ದೆ ಅನ್ನಿ. 2022–23ರಲ್ಲಿ ಯೂನಿಟ್ಟಿಗೆ ಬಂದದ್ದು 21.71, ಅಂದರೆ 800ಕ್ಕೆ 17,368. 2023ರ ಡಿಸೆಂಬರ್‌ನಲ್ಲಿ ಬ್ಲ್ಯಾಕ್‌ಸ್ಟೋನ್ ತನ್ನ ಉಳಿದ ಪಾಲನ್ನೆಲ್ಲ ಸುಮಾರು 7,100 ಕೋಟಿಗೆ ಮಾರಿ ಹೊರನಡೆದಾಗಲೂ ಯೂನಿಟ್ ಬೆಲೆ 300ರಿಂದ ಬಹಳ ದೂರ ಹೋಗಿರಲಿಲ್ಲ.

ಮುಂದಿನ ಸಂಕ್ರಾಂತಿಗೆ ಊರಿಗೆ ಹೋದಾಗ ಈ ಪಟ್ಟಿಗಳನ್ನೆಲ್ಲ ಅಪ್ಪನ ಮುಂದೆ ಹರಡಿದೆ. ಅವನು ಹಾಲಿನ ಲೆಕ್ಕದ ನೋಟ್‌ಬುಕ್ ತೆಗೆದು ಹಾಳೆಯ ನಡುವೆ ಗೆರೆ ಎಳೆದ.

“ತಮ್ಮಾ, ಈ ಕಡೆ ಲಾವಣಿ ಬರಿ, ಆ ಕಡೆ ಅಸಲು ಬರಿ. ಎರಡೂ ಕೂಡಿಸಿ ಹೇಳಬ್ಯಾಡ.”

ಬರೆದೆವು. ನಾಲ್ಕು ವರ್ಷಕ್ಕೆ ಯೂನಿಟ್ಟಿಗೆ ಒಟ್ಟು 89 ರೂಪಾಯಿ ಚಿಲ್ಲರೆ ಬಂದಿತ್ತು. ಲಾವಣಿಯ ಕಡೆ ನಿಂತದ್ದು ಬ್ಯಾಂಕಿನ ಠೇವಣಿಗಿಂತ ಹೆಚ್ಚೇನೂ ಅಲ್ಲ. ನಷ್ಟವಂತೂ ಆಗಿರಲಿಲ್ಲ. ಅಪ್ಪ ನೋಟ್‌ಬುಕ್ ಮಡಚಿ, “ಇರಲಿ, ಮಾರಬ್ಯಾಡ” ಅಂದು ಎದ್ದು ದನದ ಕಡೆ ಹೋದ. ವಿಜಯಪುರದ ಆ ಪ್ಲಾಟಿಗೆ ಈಗ ಎಷ್ಟಾಗಿದೆ ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.