ಸೈನ್ಸ್ ಕಾಲೇಜಿನ ಕನ್ನಡ ಪತ್ರಿಕೆ

ಬಿ.ಇ. ಎರಡನೇ ವರ್ಷದಾಗ ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದು ಲೇಖನ ಕೊಟ್ಟಿದ್ದೆ. ಬನಹಟ್ಟಿಯ ನಮ್ಮ ಕಾಕಾನ ಮನೆಯ ಜಕಾರ್ಡ್ ಮಗ್ಗದ ಬಗ್ಗೆ. ಸೀರೆಯಲ್ಲಿ ಯಾವ ಹೂವು ಮೂಡಬೇಕು ಅಂತ ಹೇಳೋದು ರಟ್ಟಿನ ಕಾರ್ಡು. ತೂತು ಇದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಇಲ್ಲ. ಒಂದು, ಸೊನ್ನೆ. ಹಳೇ ಕಂಪ್ಯೂಟರಿನ ಪಂಚ್ ಕಾರ್ಡಿಗೆ ಇದೇ ಅಜ್ಜ ಅಂತ ನಾಲ್ಕು ಪುಟ ಬರೆದಿದ್ದೆ, ಕನ್ನಡದಲ್ಲಿ. "ಟೆಕ್ನಿಕಲ್ ಆದ್ರೆ ಇಂಗ್ಲಿಷಿನಲ್ಲಿ ಕೊಡಿ. ಕನ್ನಡ ವಿಭಾಗಕ್ಕೆ ಕವನ ಇದ್ರೆ ನೋಡೋಣ" ಅಂದರು. ನನ್ನ ಹತ್ತಿರ ಕವನ ಇರಲಿಲ್ಲ.

ಈಗ ದಿನಾ ಮೆಟ್ರೊದಲ್ಲಿ ಹೋಗುವಾಗ ಸೆಂಟ್ರಲ್ ಕಾಲೇಜ್ ನಿಲ್ದಾಣ ಬರುತ್ತದೆ. ಅರ್ಧ ಜನ ಫೋನಿನಿಂದ ತಲೆ ಎತ್ತೋದಿಲ್ಲ. ನಾನೂ ಎತ್ತುತ್ತಿರಲಿಲ್ಲ, 'ಪ್ರಬುದ್ಧ ಕರ್ಣಾಟಕ'ದ ಕಥೆ ಗೊತ್ತಾಗೋವರೆಗೆ.

1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾದಾಗ ಕೆಲಸ ಹಂಚಿಕೆ ಆಯಿತು. ಬಿ.ಎ. ಓದೋರು ಮೈಸೂರಿನ ಮಹಾರಾಜ ಕಾಲೇಜಿಗೆ, ಬಿ.ಎಸ್ಸಿ. ಓದೋರು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ. ಅಂದಮೇಲೆ ಕನ್ನಡ ಪತ್ರಿಕೆ ಮೈಸೂರಲ್ಲಿ ಹುಟ್ಟಬೇಕಿತ್ತು ಅಲ್ವಾ? ಹುಟ್ಟಿದ್ದು ಬೆಂಗಳೂರಿನ ಸೈನ್ಸ್ ಕಾಲೇಜಿನಲ್ಲಿ. ಅಲ್ಲಿ ಕನ್ನಡ ಕಲಿಸುತ್ತಿದ್ದ ಎ.ಆರ್. ಕೃಷ್ಣಶಾಸ್ತ್ರಿಗಳು ಹುಡುಗರನ್ನ ಸೇರಿಸಿ ಕರ್ಣಾಟಕ ಸಂಘ ಕಟ್ಟಿದರು. ಆ ಸಂಘದಿಂದ 1919ರಲ್ಲಿ 'ಪ್ರಬುದ್ಧ ಕರ್ಣಾಟಕ' ಹೊರಟಿತು, ಮೂರು ತಿಂಗಳಿಗೊಮ್ಮೆ. ಶಾಸ್ತ್ರಿಗಳು ಹುಟ್ಟಿದ್ದು 1890ರಲ್ಲಿ. ನನಗಿಂತ ಚಿಕ್ಕ ವಯಸ್ಸು ಆಗ ಅವರದು!

ನೆಲ ಮೊದಲೇ ಹದವಾಗಿತ್ತು ಅನ್ನಿ. ಅದೇ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಹಿಂದಿನ ವರ್ಷ, 1918ರಲ್ಲಿ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಜೊತೆ 'ವಿಜ್ಞಾನ' ಅನ್ನೋ ಮಾಸಪತ್ರಿಕೆ ತಂದಿದ್ದರು. ಫಿಸಿಕ್ಸ್ ಮೇಷ್ಟ್ರು, ಕನ್ನಡದಲ್ಲಿ, ನೂರು ವರ್ಷದ ಹಿಂದೆ! ಅದು ಬಹಳ ದಿನ ಬದುಕಲಿಲ್ಲ. ಆದರೆ ಟೆಕ್ನಿಕಲ್ ಆದ್ರೆ ಇಂಗ್ಲಿಷಿನಲ್ಲಿ ಕೊಡಿ ಅಂತ ಅವರು ಯಾರಿಗೂ ಹೇಳಿರಲಿಕ್ಕಿಲ್ಲ.

ಇನ್ನೊಂದು ಲೆಕ್ಕ ನೋಡಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಶುರುವಾಗಿದ್ದು 1927ರಲ್ಲಿ. ಮೊದಲ ತಂಡದಲ್ಲಿ ಕುವೆಂಪು ಇದ್ದರು, ಡಿ.ಎಲ್. ನರಸಿಂಹಾಚಾರ್ ಇದ್ದರು. ಅಂದರೆ ಡಿಗ್ರಿಗಿಂತ ಎಂಟು ವರ್ಷ ಮೊದಲೇ ಪತ್ರಿಕೆ ಬಂದಿತ್ತು. ಕನ್ನಡದಲ್ಲಿ ವಿಮರ್ಶೆ, ಸಂಶೋಧನೆ ಬರೀಬಹುದು ಅಂತ ಮೊದಲು ಕಾಲೇಜು ಸಂಘವೊಂದು ತೋರಿಸಿತು, ಸಿಲಬಸ್ ಆಮೇಲೆ ಬಂತು. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ ಅಪ್ರೂವಲ್‌ಗೆ ಕಾಯದೆ ಪ್ರೊಟೊಟೈಪ್ ಬಿಟ್ಟರು.

ನಮ್ಮ ಕಡೆ ಆಗ ಏನಿತ್ತು? ಜಮಖಂಡಿ, ಮುಧೋಳ ಬೇರೆ ಬೇರೆ ಸಂಸ್ಥಾನ, ರಬಕವಿ ಸಾಂಗಲಿಗೆ ಸೇರಿತ್ತು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿ. ಕಾಲೇಜಿನ ಮಾತು ಬಂದರೆ ಮುಂಬೈ ವಿಶ್ವವಿದ್ಯಾಲಯವೇ. ಧಾರವಾಡದ ಕರ್ನಾಟಕ ಕಾಲೇಜು ತೆರೆದದ್ದು 1917ರಲ್ಲಿ. ಅದಕ್ಕೂ ಮೊದಲು ಧಾರವಾಡದ ಬೇಂದ್ರೆಯವರೂ ಪುಣೆಯ ಫರ್ಗ್ಯುಸನ್ ಕಾಲೇಜಿಗೇ ಹೋಗಬೇಕಾಯ್ತು. ನಮ್ಮದೇ ಅನ್ನೋ ಕರ್ನಾಟಕ ವಿಶ್ವವಿದ್ಯಾಲಯಕ್ಕೆ 1949ರವರೆಗೆ ಕಾಯಬೇಕಾಯ್ತು. ಮುಧೋಳ ರನ್ನನ ಊರು ಅಂತ ಎದೆ ತಟ್ಟಿಕೊಳ್ಳೋ ನಾವು, ರನ್ನನನ್ನ ಎಂ.ಎ.ಗೆ ಓದಬೇಕಂದ್ರೆ ಪರಸಂಸ್ಥಾನಕ್ಕೆ ಹೋಗಬೇಕಿದ್ದ ಕಾಲ ಅದು.

'ಪ್ರಬುದ್ಧ ಕರ್ಣಾಟಕ' ಆಮೇಲೆ ಮೈಸೂರು ವಿಶ್ವವಿದ್ಯಾಲಯದ ಕೈಗೆ ಹೋಯಿತು. ದುಡ್ಡಿನ ಚಿಂತೆ ತಪ್ಪಿತು, ಆಯುಷ್ಯ ಬಂತು, ದೊಡ್ಡ ದೊಡ್ಡ ವಿದ್ವಾಂಸರು ಬರೆದರು. ಅದಕ್ಕೆ ಕೈ ಮುಗಿತೀನಿ. ಆದರೆ ಒಂದು ಸಂಕಟ ಇದೆ. ಹುಡುಗರ ಸಂಘದ ಪತ್ರಿಕೆ ಮೇಷ್ಟ್ರುಗಳ ಪತ್ರಿಕೆ ಆಯ್ತು. ಎರಡನೇ ವರ್ಷದ ಬಿ.ಎಸ್ಸಿ. ಹುಡುಗ ಅದಕ್ಕೆ ಅಂಜಿಕೆಯಿಲ್ಲದೆ ಬರೆದು ಕಳಿಸ್ತಾನಾ? ನಾನಂತೂ ಕಳಿಸ್ತಿರಲಿಲ್ಲ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಟ್ರಂಕಿನಲ್ಲಿ ಆ ನಾಲ್ಕು ಪುಟ ಸಿಕ್ಕವು. ಕಾಕಾಗೆ ಓದಿ ಹೇಳಿದೆ. ಕಾರ್ಡು ಪೋಣಿಸೋ ಕ್ರಮ ಒಂದು ಕಡೆ ತಪ್ಪು ಬರೆದೀಯಲ್ಲೋ ಅಂದ. ಕಾಕಾನ ಮಗ ಈಗ ಜಮಖಂಡಿಯಲ್ಲಿ ಬಿ.ಎಸ್ಸಿ. ಓದ್ತಾನೆ, ಅವರ ಕಾಲೇಜಿನಾಗ ಭಿತ್ತಿಪತ್ರಿಕೆ ಇದೆಯಂತೆ. ತಿದ್ದಿ ಕಳಸ್ತೀನಿ, ಹಾಕ್ತೀಯೇನು ಅಂತ ಕೇಳಿದೆ.

"ಹಾಕೋಣ ಅಣ್ಣಾ. ಆದ್ರ ಎರಡ ಹಾಳಿ ಒಳಗ ಮುಗಸು, ಗ್ವಾಡಿ ಮ್ಯಾಲ ಜಾಗಾ ಇಲ್ಲ."