ವೃದ್ಧಾಶ್ರಮದಲ್ಲಿ ಹಿರಿಯರಿಗೆ ‘ಸುಮ್ಮನಾಗಿಸುವ’ ಮಾತ್ರೆ: ಏನು ಗಮನಿಸಬೇಕು, ಏನು ಬರೆದಿಡಬೇಕು?

ಯಲಹಂಕ: ಮರೆವಿನ ಕಾಯಿಲೆ (ಡಿಮೆನ್ಷಿಯಾ) ಇರುವ ಹಿರಿಯರು ರಾತ್ರಿಯೆಲ್ಲ ಕೂಗುವುದು, ಸ್ನಾನಕ್ಕೆ ಕರೆದರೆ ಹೊಡೆಯಲು ಬರುವುದು, ‘ನನ್ನ ದುಡ್ಡು ಕದ್ದುಬಿಟ್ರು’ ಎನ್ನುವುದು ವೃದ್ಧಾಶ್ರಮಗಳಲ್ಲಿ ಹೊಸದೇನಲ್ಲ. ಇಂಥವರಲ್ಲಿ ಕೆಲವರಿಗೆ ವೈದ್ಯರು ಆ್ಯಂಟಿಸೈಕೋಟಿಕ್ ಮಾತ್ರೆ ಬರೆಯುತ್ತಾರೆ. ಸ್ವಲ್ಪ ದಿನಕ್ಕೆ ‘ಅಜ್ಜಿ ಈಗ ತುಂಬಾ ಸೈಲೆಂಟ್, ಏನೂ ತೊಂದರೆ ಇಲ್ಲ’ ಅಂತ ಮನೆಯವರಿಗೆ ಫೋನ್ ಬರುತ್ತೆ. ಅಜ್ಜಿ ಹುಷಾರಾದರೋ, ಮಂಪರಿನಲ್ಲಿದ್ದಾರೋ ಎಂಬುದು ಆ ಮಾತಿನಿಂದ ಗೊತ್ತಾಗಲ್ಲ. ಅದು ಗೊತ್ತಾಗುವುದು ದಿನಾ ನೋಡಿ ಬರೆದಿಟ್ಟ ಪುಸ್ತಕದಿಂದ.

ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದಲ್ಲಿ ನರ್ಸಿಂಗ್ ಹೋಂ ಅಂದ್ರೆ ಸಣ್ಣ ಆಸ್ಪತ್ರೆ. ಹಿರಿಯರು ವರ್ಷಗಟ್ಟಲೆ ಉಳಿಯುವ ಜಾಗಕ್ಕೆ ವೃದ್ಧಾಶ್ರಮ, ಕೇರ್ ಹೋಂ ಎನ್ನುತ್ತಾರೆ. ಕೆಳಗಿನ ಮಾಹಿತಿ ಮುಖ್ಯವಾಗಿ ಅಲ್ಲಿನ ಸಿಬ್ಬಂದಿ ಮತ್ತು ಮನೆಯವರಿಗೆ.

ಯಾವ ಮಾತ್ರೆ, ಯಾಕೆ ಎಚ್ಚರಿಕೆ?

ರಿಸ್ಪೆರಿಡೋನ್, ಕ್ವೆಟಿಯಾಪಿನ್, ಒಲಾಂಜಪಿನ್, ಹ್ಯಾಲೊಪೆರಿಡಾಲ್ ಈ ಗುಂಪಿನ ಸಾಮಾನ್ಯ ಹೆಸರುಗಳು. ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ಇವು ಬಹಳ ಮುಖ್ಯವಾದ ಔಷಧ. ಮರೆವಿನ ಕಾಯಿಲೆಯ ಹಿರಿಯರ ವಿಷಯ ಬೇರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲಿ ಹೊಸ ತಲೆಮಾರಿನ ಮಾತ್ರೆಗಳಿಗೆ, 2008ರಲ್ಲಿ ಹಳೆಯ ಮಾತ್ರೆಗಳಿಗೂ ಅತ್ಯಂತ ಗಂಭೀರ ಎಚ್ಚರಿಕೆ ಹಾಕಿಸಿತು. ಸುಮಾರು 10 ವಾರಗಳ ಪ್ರಯೋಗಗಳಲ್ಲಿ ಈ ಮಾತ್ರೆ ತೆಗೆದುಕೊಂಡವರಲ್ಲಿ ಸಾವಿನ ಪ್ರಮಾಣ ಶೇ 4.5ರಷ್ಟಿತ್ತು. ಔಷಧವಿಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ಅದು ಶೇ 2.6. ಹೆಚ್ಚಿನ ಸಾವುಗಳಿಗೆ ಹೃದಯದ ತೊಂದರೆ ಅಥವಾ ನ್ಯುಮೋನಿಯಾದಂಥ ಸೋಂಕು ಕಾರಣವಾಗಿತ್ತು.

ಹಾಗಂತ ಮಾತ್ರೆ ಕೊಡಲೇಬಾರದು ಎಂದಲ್ಲ. ತಮಗೆ ಅಥವಾ ಬೇರೆಯವರಿಗೆ ಅಪಾಯವಾಗುವಂತೆ ವರ್ತಿಸುವವರಿಗೆ, ಇಲ್ಲದ್ದು ಕಂಡು ಹೆದರಿ ನರಳುವವರಿಗೆ ಇದು ಬೇಕಾಗಬಹುದು. ಆಗಲೂ ಕಡಿಮೆ ಡೋಸ್, ಕಡಿಮೆ ಅವಧಿ, ಹೆಚ್ಚು ನಿಗಾ.

ಮೊದಲು ಕಾರಣ ಹುಡುಕಿ

ನಿನ್ನೆವರೆಗೆ ಚೆನ್ನಾಗಿದ್ದವರು ಇವತ್ತು ದಿಢೀರ್ ಗಲಾಟೆ ಶುರು ಮಾಡಿದರೆ ಮೂತ್ರದ ಸೋಂಕು, ಮಲಬದ್ಧತೆ, ನೋವು, ನೀರಿನಂಶದ ಕೊರತೆ, ಶುಗರ್ ಏರುಪೇರು, ಹೊಸದಾಗಿ ಶುರುವಾದ ಬೇರೆ ಔಷಧ ಇವುಗಳಲ್ಲಿ ಒಂದು ಕಾರಣವಿರಬಹುದು. ಕನ್ನಡಕ ಕಳೆದಿರಬಹುದು, ಕಿವಿ ಮೆಷಿನ್‌ನ ಬ್ಯಾಟರಿ ಮುಗಿದಿರಬಹುದು. ಆರೈಕೆ ಮಾಡುವವರ ಭಾಷೆ ಅರ್ಥವಾಗದೆಯೂ ಹಿರಿಯರು ರೇಗುತ್ತಾರೆ.

ಪುಸ್ತಕದಲ್ಲಿ ಏನಿರಬೇಕು?

‘ಗಲಾಟೆ ಮಾಡಿದರು’ ಅಂತ ಬರೆದರೆ ವೈದ್ಯರಿಗೆ ಉಪಯೋಗವಿಲ್ಲ. ‘ಬೆಳಗ್ಗೆ 6.30, ಸ್ನಾನಕ್ಕೆ ಬಟ್ಟೆ ತೆಗೆಯುವಾಗ ಕೈ ಬೀಸಿದರು, ಟವೆಲ್ ಹೊದಿಸಿ 10 ನಿಮಿಷ ಬಿಟ್ಟ ಮೇಲೆ ಸುಮ್ಮನಾದರು’ ಅಂತಿದ್ದರೆ ಮಾತ್ರೆಗಿಂತ ಮೊದಲು ಸ್ನಾನದ ವೇಳೆ ಬದಲಿಸಿ ನೋಡಬಹುದು. ಪ್ರತಿ ಘಟನೆಗೂ ಅದಕ್ಕೆ ಮುಂಚೆ ಏನಾಯ್ತು, ಹಿರಿಯರು ಏನು ಮಾಡಿದರು, ಆಮೇಲೆ ಏನು ಮಾಡಿದಾಗ ಸರಿಹೋಯ್ತು ಎಂಬ ಮೂರು ಸಾಲು ಸಾಕು.

ಮಾತ್ರೆ ಶುರುವಾಗುವ ಮುಂಚಿನ ಕೆಲವು ದಿನಗಳ ದಾಖಲೆ ಇದ್ದರೆ ಮಾತ್ರ ಹೋಲಿಕೆ ಸಾಧ್ಯ. ಶುರುವಾದ ಮೇಲೆ ದಿನಾ ಇವನ್ನೂ ಗುರುತು ಹಾಕಿ:

- ಹಗಲು ಎಷ್ಟು ಹೊತ್ತು ನಿದ್ದೆ, ಎಬ್ಬಿಸಿದರೆ ಎಚ್ಚರ ಆಗ್ತಾರಾ
- ನಡಿಗೆ: ಕಾಲೆಳೆಯುವುದು, ಬಿಗಿತ, ಕೈನಡುಕ, ಬೀಳುವುದು
- ಕೂತಲ್ಲಿ ಕೂರಲಾಗದ ಚಡಪಡಿಕೆ. ಇದನ್ನು ಕಾಯಿಲೆಯೇ ಹೆಚ್ಚಾಯ್ತು ಅಂದುಕೊಂಡು ಡೋಸ್ ಏರಿಸುವ ಅಪಾಯವಿದೆ
- ತುಟಿ ಚಪ್ಪರಿಸುವುದು, ನಾಲಿಗೆ ಹೊರಳಿಸುವುದು
- ಊಟ, ನುಂಗುವಾಗ ಕೆಮ್ಮು, ಮಲ–ಮೂತ್ರ
- ಮಲಗಿದಾಗ ಮತ್ತು ನಿಂತಾಗ ಬಿಪಿ. ವೈದ್ಯರು ಹೇಳಿದ ಅಂತರದಲ್ಲಿ ತೂಕ, ಶುಗರ್, ಇಸಿಜಿ

ಕಾಯಬೇಡಿ

ಜೋರು ಜ್ವರದ ಜೊತೆ ಮೈ ಮರಗಟ್ಟಿದರೆ, ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ಎಬ್ಬಿಸಿದರೂ ಏಳದಿದ್ದರೆ, ಉಸಿರಾಟಕ್ಕೆ ಕಷ್ಟವಾದರೆ, ಬಿದ್ದು ತಲೆಗೆ ಪೆಟ್ಟಾದರೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ಲೆವಿ ಬಾಡಿ ಎಂಬ ಬಗೆಯ ಡಿಮೆನ್ಷಿಯಾ ಇರುವವರಿಗೆ ಸಣ್ಣ ಡೋಸ್ ಕೂಡ ತೀವ್ರ ತೊಂದರೆ ಮಾಡಬಹುದು.

ಎಷ್ಟು ದಿನ ಕೊಡಬೇಕು?

ಅಮೆರಿಕದ ಮನೋವೈದ್ಯರ ಸಂಘದ 2016ರ ಮಾರ್ಗಸೂಚಿಯಂತೆ, ಸರಿಯಾದ ಡೋಸ್ 4 ವಾರ ಕೊಟ್ಟರೂ ಗುಣ ಕಾಣದಿದ್ದರೆ ಮಾತ್ರೆಯನ್ನು ಇಳಿಸಿ ನಿಲ್ಲಿಸಬೇಕು. ಗುಣ ಕಂಡರೂ ಶುರುವಾಗಿ 4 ತಿಂಗಳೊಳಗೆ ಇಳಿಸಿ ನೋಡಬೇಕು. ಇಳಿಸುವಾಗ ತಿಂಗಳಿಗೊಮ್ಮೆಯಾದರೂ, ನಿಲ್ಲಿಸಿದ ಮೇಲೆ ಕನಿಷ್ಠ 4 ತಿಂಗಳು ಹಿರಿಯರ ವರ್ತನೆ ಗಮನಿಸಬೇಕು. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪ್‌ನಿಂದ ಅದೇ ಮಾತ್ರೆ ತರುತ್ತಾ ಹೋದರೆ ಈ ಪರಿಶೀಲನೆ ನಡೆಯುವುದೇ ಇಲ್ಲ. ಹಾಗೆಯೇ, ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ವೈದ್ಯರೇ ಹಂತಹಂತವಾಗಿ ಇಳಿಸಬೇಕು.

ಮನೆಯವರು ಕೇಳಬೇಕಾದ್ದು

ಭಾನುವಾರ ನೋಡಲು ಹೋದಾಗ ಪುಸ್ತಕ ತೋರಿಸಿ ಅಂತ ಕೇಳಿ. ಯಾವ ತೊಂದರೆಗೆ ಈ ಮಾತ್ರೆ, ಯಾರು ಬರೆದರು, ಡೋಸ್ ಯಾವಾಗ ಬದಲಾಯ್ತು, ಮುಂದಿನ ಪರಿಶೀಲನೆ ಯಾವತ್ತು? ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಪ್ರಕಾರ ಚಿಕಿತ್ಸೆ ಮತ್ತು ಅಡ್ಡಪರಿಣಾಮ ತಿಳಿಯುವ ಹಕ್ಕು ರೋಗಿಗೂ ಅವರು ನೇಮಿಸಿದ ಪ್ರತಿನಿಧಿಗೂ ಇದೆ. ಸಿಬ್ಬಂದಿ ಕಡಿಮೆ ಎಂಬ ಕಾರಣಕ್ಕೆ ರೋಗಿಯನ್ನು ಕಟ್ಟಿಹಾಕುವಂತಿಲ್ಲ ಎಂದು ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ ಅದೇ ಕಾಯ್ದೆ ಹೇಳುತ್ತದೆ. ಆಯಾ ಸಾಲದು ಅಂತ ರಾತ್ರಿ ಮಾತ್ರೆ ಕೊಟ್ಟು ಮಲಗಿಸುವುದೂ ಅಂಥದ್ದೇ ಕೆಲಸ.

ಎಲ್ಲಿ ಸಹಾಯ?

ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಹಿರಿಯರ ಮನೋವೈದ್ಯ ಸೇವೆ ಇದೆ. ಯಲಹಂಕದಿಂದ ಹೆಬ್ಬಾಳದ ಟ್ರಾಫಿಕ್ ದಾಟಿ ಹಾಸಿಗೆ ಹಿಡಿದವರನ್ನು ಪದೇಪದೇ ಒಯ್ಯುವುದು ಕಷ್ಟ. ಹೋದಾಗ ಪುಸ್ತಕ, ಎಲ್ಲ ಮಾತ್ರೆಗಳ ಪಟ್ಟಿ, ನಡಿಗೆಯ ಸಣ್ಣ ವಿಡಿಯೊ ಜೊತೆಗಿದ್ದರೆ ವೈದ್ಯರ ಹತ್ತು ನಿಮಿಷ ಸಾರ್ಥಕ. ಟೆಲಿ ಮನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಆರೈಕೆಯಲ್ಲಿ ನಿರ್ಲಕ್ಷ್ಯ, ಕಿರುಕುಳ ಕಂಡರೆ ಬೆಂಗಳೂರಿನ ಹಿರಿಯರ ಸಹಾಯವಾಣಿ 1090 ಅಥವಾ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.